ಲಕ್ಷ ಕಿಲೋಮೀಟರಿನ ಸುಳ್ಳು ಗಡಿ

ಕಾರು ಲಕ್ಷ ಕಿಲೋಮೀಟರ್ ದಾಟಿತೆಂದರೆ ಮಾರಿಬಿಡಬೇಕು, ಆಮೇಲೆ ಅದಕ್ಕೆ ಹಾಕುವ ದುಡ್ಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಈ ಮಾತನ್ನು ಮದುವೆಮನೆಯಲ್ಲಿ, ಆಫೀಸಿನ ಕ್ಯಾಂಟೀನಿನಲ್ಲಿ, ಪೆಟ್ರೋಲ್ ಬಂಕಿನ ಸಾಲಿನಲ್ಲಿ ಎಲ್ಲಿ ಬೇಕಾದರೂ ಕೇಳಬಹುದು. ಹೇಳುವವರು ನಮ್ಮ ಹಿತ ಬಯಸುವವರೇ. ಆದರೆ ಮಾತು ತಪ್ಪು. ಎಷ್ಟೋ ಮಧ್ಯಮ ವರ್ಗದ ಮನೆಗಳು ಈ ಮಾತನ್ನು ನಂಬಿ ಬೇಡದ ಸಾಲಕ್ಕೆ ಕೊರಳು ಕೊಡುತ್ತಿವೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಒಂದು ಕಾಲಕ್ಕೆ ಈ ಲೆಕ್ಕ ಸರಿಯಾಗಿಯೇ ಇತ್ತು. ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳ ಮೀಟರಿನಲ್ಲಿ ಐದೇ ಅಂಕಿ. 99,999 ಆದಮೇಲೆ ಮತ್ತೆ ಸೊನ್ನೆ. ಅಷ್ಟು ಓಡುವ ಹೊತ್ತಿಗೆ ಎಂಜಿನ್ ಇಳಿಸಿ, ಬೋರ್ ಮಾಡಿಸಿ, ಹೊಸ ಪಿಸ್ಟನ್ ರಿಂಗ್ ಹಾಕಿಸುವುದು ಮಾಮೂಲು. ಕಾರ್ಬುರೇಟರ್ ಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲ್ ಸುರಿದಾಗ ಸಿಲಿಂಡರಿನ ಗೋಡೆಗಂಟಿದ ಆಯಿಲ್ ಪದರ ತೊಳೆದುಹೋಗಿ, ಲೋಹಕ್ಕೆ ಲೋಹ ಉಜ್ಜಿ ಸವೆಯುತ್ತಿತ್ತು. ಫ್ಯುಯೆಲ್ ಇಂಜೆಕ್ಷನ್ ಬಂತು, ಆಯಿಲ್ ಸುಧಾರಿಸಿತು, ಆ ಸವೆತ ಬಹಳ ಮಟ್ಟಿಗೆ ನಿಂತಿತು. ಬಿಡದಿಯ ಕಾರ್ಖಾನೆಯಿಂದ ಬಂದ ಇನ್ನೋವಾಗಳು ಟ್ಯಾಕ್ಸಿಯಾಗಿ ಮೂರು ನಾಲ್ಕು ಲಕ್ಷ ಓಡಿಯೂ ಘಾಟಿ ಹತ್ತಿ ಇಳಿಯುತ್ತಿವೆ. ನಮ್ಮ ಕೆಎಸ್ಆರ್‌ಟಿಸಿ ಹಲವು ಲಕ್ಷ ಕಿಲೋಮೀಟರ್ ಓಡಿದ ಸಾವಿರಕ್ಕೂ ಹೆಚ್ಚು ಬಸ್ಸುಗಳನ್ನು ತನ್ನದೇ ವರ್ಕ್‌ಶಾಪುಗಳಲ್ಲಿ ಬಿಚ್ಚಿ, ಪುನಶ್ಚೇತನ ಮಾಡಿ, ಮತ್ತೆ ರಸ್ತೆಗಿಳಿಸಿದೆ. ಗಾಡಿ ಓಡಿಸಿಯೇ ಹೊಟ್ಟೆ ಹೊರೆಯುವವರು ಯಾರೂ ಲಕ್ಷಕ್ಕೆ ಕೈಚೆಲ್ಲುವುದಿಲ್ಲ. ವಾರಕ್ಕೆರಡು ಸಲ ಕಾರು ತೆಗೆಯುವ ನಾವು ಮಾತ್ರ ಹೆದರುತ್ತೇವೆ.

ಎರಡು ವರ್ಷದ ಹಿಂದೆ ನಾನೂ ಹೆದರಿದ್ದೆ. ನಮ್ಮ ಡೀಸೆಲ್ ಕಾರಿಗೆ 13 ವರ್ಷ, ಮೀಟರಿನಲ್ಲಿ 1,86,000. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವಾಗ ಕ್ಲಚ್ ಜಾರತೊಡಗಿತು; ಎಂಜಿನ್ ಕೂಗುತ್ತದೆ, ಗಾಡಿ ಏರುವುದಿಲ್ಲ. ಶಿವಮೊಗ್ಗದಲ್ಲಿ ಸರ್ವಿಸ್ ಸೆಂಟರಿಗೆ ಬಿಟ್ಟೆ. ಹನ್ನೊಂದು ಬಾಬ್ತುಗಳ ಎಸ್ಟಿಮೇಟ್ ಬಂತು: 78,000 ರೂಪಾಯಿ. ಅದರ ಜೊತೆಗೇ, "ಇದಕ್ಕಿನ್ನು ದುಡ್ಡು ಹಾಕ್ಬೇಡಿ ಸಾರ್, ಎಕ್ಸ್‌ಚೇಂಜಿಗೆ 1,40,000 ಕೊಡ್ತೀವಿ" ಎಂಬ ಸಲಹೆ. ರಿಪೇರಿ ಖರ್ಚು ಗಾಡಿಯ ಬೆಲೆಯ ಅರ್ಧ ದಾಟಿದರೆ ಮಾರಬೇಕು ಎಂಬ ಇನ್ನೊಂದು ನಾಣ್ಣುಡಿ ಇದೆಯಲ್ಲ, ಅದರ ಪ್ರಕಾರವೂ ಕಾರು ಹೋಗಬೇಕಾಗಿತ್ತು.

ಕೊನೆಗೆ ಊರಿನ ಹಳೆಯ ಮೆಕ್ಯಾನಿಕ್ ಒಬ್ಬರ ಹತ್ತಿರ ಒಯ್ದೆ. ಅವರು ಮೀಟರ್ ನೋಡಲೇ ಇಲ್ಲ. ರಾತ್ರಿ ಅಲ್ಲೇ ಬಿಟ್ಟುಹೋಗಿ ಎಂದರು. ತಣ್ಣಗಿರುವ ಎಂಜಿನ್ ಬೆಳಿಗ್ಗೆ ಹೇಗೆ ಏಳುತ್ತದೆ ಎಂಬುದು ಅವರಿಗೆ ಮುಖ್ಯ. ಮರುದಿನ ಸ್ಟಾರ್ಟ್ ಮಾಡಿ, ಸೈಲೆನ್ಸರ್ ಹಿಂದೆ ಕೂತು ಹೊಗೆ ನೋಡಿದರು. ನೀಲಿ ಇದ್ದರೆ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ ಎಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ಕೂಲೆಂಟ್ ಒಳಗೆ ಸೋರುತ್ತಿದೆ. ಎರಡೂ ಇರಲಿಲ್ಲ. ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಮುಚ್ಚಳ ತಿರುಗಿಸಿ ತೆಗೆದು, ಬಾಯಿಯ ಮೇಲೆ ಅಂಗೈ ಹಿಡಿದರು. ನನ್ನ ಕೈಯನ್ನೂ ಎಳೆದು ಇಡಿಸಿದರು. ಬೆಚ್ಚನೆಯ ಉಸಿರಿನಷ್ಟು ಗಾಳಿ, ಅಷ್ಟೇ. ರಿಂಗ್ ಸವೆದಿದ್ದರೆ ಇಲ್ಲಿ ಹೊಗೆ ಗುಪ್ಪೆಂದು ಒದೆಯುತ್ತದೆ ಎಂದರು. ಮುಚ್ಚಳದ ಒಳಮೈಗೆ ಬೆರಳಾಡಿಸಿ ತೋರಿಸಿದರು: ಕಪ್ಪು ಆಯಿಲ್, ಹಾಲು ಬೆರೆತಂಥ ಕೆನೆ ಇಲ್ಲ, ಹಾಗಾಗಿ ಹೆಡ್ ಗ್ಯಾಸ್ಕೆಟ್ ಭದ್ರ. ಆಮೇಲೆ ಗಾಡಿಯನ್ನು ಮೇಲೆತ್ತಿ, ಸ್ಕ್ರೂಡ್ರೈವರ್ ಹಿಡಿಯಿಂದ ಬಾಗಿಲ ಕೆಳಗಿನ ಪಟ್ಟಿಯನ್ನು ಉದ್ದಕ್ಕೂ ಬಡಿಯುತ್ತಾ ಹೋದರು. ಟಣ್ ಟಣ್ ಎಂದಿತು. "ಬಾಡಿ ಗಟ್ಟಿ ಇದೆ. ಇದನ್ನ ಯಾಕೆ ಕೊಡ್ತೀರಿ?"

ಹನ್ನೊಂದು ಬಾಬ್ತಿನಲ್ಲಿ ಈಗಲೇ ಬೇಕಾದದ್ದು ನಾಲ್ಕು: ಕ್ಲಚ್ ಸೆಟ್, ಲೋಯರ್ ಆರ್ಮ್ ಬುಷ್, ಎಂಜಿನ್ ಮೌಂಟಿಂಗ್, ಮುಂದಿನ ಒಂದು ಜೊತೆ ಶಾಕ್ ಅಬ್ಸಾರ್ಬರ್. ಮೂರು ವರ್ಷ ಕಾದರೂ ನಡೆಯುವಂಥವು ಕೆಲವು. ಇನ್ನು ಕೆಲವು ಕ್ಲೀನಿಂಗ್, ಟ್ರೀಟ್‌ಮೆಂಟ್ ಎಂಬ ಹೆಸರಿನವು, ಬೇಡವೇ ಬೇಡ. 46,500ಕ್ಕೆ ಕೆಲಸ ಮುಗಿಯಿತು.

ಆ ಉಳಿತಾಯವೇ ನನ್ನ ವಾದಕ್ಕೆ ಆಧಾರ ಎಂದು ಯಾರೂ ಹೇಳದಿರಲಿ. 78,000ವನ್ನೇ ಪೂರ್ತಿ ಒಪ್ಪಿ ಲೆಕ್ಕ ಹಾಕೋಣ. ಅದರ ಮೇಲೆ ವರ್ಷಕ್ಕೆ 25,000ದಂತೆ ಮೂರು ವರ್ಷ ಬೇರೆ ರಿಪೇರಿ ಬಂದರೆ ಒಟ್ಟು 1,53,000. ಕಾರಿನ 1,40,000 ಬೆಲೆಯೂ ಆ ಮೂರು ವರ್ಷದಲ್ಲಿ ಪೂರ್ತಿ ಕರಗಿತೆಂದುಕೊಳ್ಳಿ: 2,93,000. ಈಗ ಶೋರೂಂ ಬೆಲೆ 8 ಲಕ್ಷದ ಹೊಸ ಕಾರು ನೋಡಿ. 5ರಿಂದ 10 ಲಕ್ಷದ ಕಾರಿಗೆ ಕರ್ನಾಟಕದ ಜೀವಿತಾವಧಿ ತೆರಿಗೆ ಶೇ. 14, ಅಂದರೆ 1,12,000. ಅದರ ಮೇಲೆ ಸೆಸ್. ಹಳೆ ಕಾರಿನ ಎಕ್ಸ್‌ಚೇಂಜ್ ದುಡ್ಡಿನ ಬಹುಪಾಲು ಈ ತೆರಿಗೆಗೇ ಹೋಗುತ್ತದೆ. ಹೊಸ ಕಾರಿನ ಒಂದು ಚಕ್ರವೂ ಅದರಿಂದ ಬರುವುದಿಲ್ಲ. 8 ಲಕ್ಷಕ್ಕೆ ಶೇ. 9ರಂತೆ ಏಳು ವರ್ಷ ಸಾಲವಾದರೆ ತಿಂಗಳ ಕಂತು ಸುಮಾರು 12,870. ಮೊದಲ ಮೂರು ವರ್ಷದ ಬಡ್ಡಿಯೇ 1,80,000 ಮುಟ್ಟುತ್ತದೆ. ವಿಮೆಯವರ ಪಟ್ಟಿಯ ಪ್ರಕಾರ ಮೂರು ವರ್ಷ ತುಂಬುವಷ್ಟರಲ್ಲಿ ಗಾಡಿಯ ಬೆಲೆಯಲ್ಲಿ ಶೇ. 30 ಹೋಗಿರುತ್ತದೆ, ಅದು 2,40,000. ತೆರಿಗೆ, ಬಡ್ಡಿ, ಸವಕಳಿ ಮೂರೂ ಕೂಡಿ 5,32,000. ವಿಮೆಯ ಹೆಚ್ಚುವರಿ ಕಂತು ನಾನು ಸೇರಿಸಿಲ್ಲ.

ಅರ್ಧ ಬೆಲೆಯ ನಿಯಮ ಎಡವುವುದು ಇಲ್ಲೇ. ಅಪಘಾತವಾದ ಗಾಡಿಯ ರಿಪೇರಿ ಖರ್ಚು ವಿಮಾ ಮೌಲ್ಯದ ಶೇ. 75 ಮೀರಿದರೆ ವಿಮೆಯವರು ಅದನ್ನು ಪೂರ್ಣ ನಷ್ಟ ಎಂದು ಬರೆದುಕೊಳ್ಳುತ್ತಾರೆ. ದುಡ್ಡು ಕೊಟ್ಟು ಕೈತೊಳೆದುಕೊಳ್ಳುವ ಅವರಿಗೆ ಅದು ಸರಿ. ಮಾರುವವನಿಗೂ ಸಂತೆಯ ಬೆಲೆ ಬೇಕು. ಓಡಿಸುವವನು ಕೇಳಬೇಕಾದ್ದು, ಈ ದುಡ್ಡಿಗೆ ಇನ್ನೆಷ್ಟು ವರ್ಷ ಸಿಗುತ್ತದೆ, ಅಷ್ಟೇ ವರ್ಷ ಬೇರೆ ದಾರಿಯಲ್ಲಿ ಸಿಗಲು ಎಷ್ಟು ತೆರಬೇಕು ಎಂದು. ಒಂದಾದ ಮೇಲೊಂದು ರಿಪೇರಿ ಬರುತ್ತಲೇ ಇರುತ್ತದಲ್ಲ ಎಂಬ ಆಕ್ಷೇಪ ನಿಜವೇ. ಆದರೆ ಬದಲಿಸಿದ ಕ್ಲಚ್ ಹೊಸದು. ಅದು ಮತ್ತೆ ಮೊದಲಿಂದ ಎಣಿಕೆ ಶುರು ಮಾಡುತ್ತದೆ. ರಿಪೇರಿಯಿಂದ ಬೇಸತ್ತು ಕೆಲಸವೆಲ್ಲ ಮಾಡಿಸಿದ ಮೇಲೆ ಮಾರುವವರು ಮುಂದಿನ ಮಾಲೀಕನಿಗೆ ಉಡುಗೊರೆ ಕೊಡುತ್ತಿರುತ್ತಾರೆ.

15 ವರ್ಷ ಆದರೆ ಸರ್ಕಾರವೇ ಗುಜರಿಗೆ ಹಾಕುತ್ತದೆ ಎಂಬ ಭಯವನ್ನೂ ಹರಡುತ್ತಾರೆ. 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಎಂಬ ಗಡಿ ಹಸಿರು ನ್ಯಾಯಮಂಡಳಿ 2015ರಲ್ಲಿ ದೆಹಲಿ ಮತ್ತು ರಾಜಧಾನಿ ವಲಯಕ್ಕೆ ಹಾಕಿದ್ದು. ಇಲ್ಲಿ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಎಫ್‌ಸಿ ಮಾಡಿಸಿದರೆ ಮತ್ತೆ ಐದು ವರ್ಷ ಸಿಗುತ್ತದೆ. 600 ಇದ್ದ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000 ಆಯಿತು. ಹೊರೆ ಹೌದು, ಮರಣದಂಡನೆ ಖಂಡಿತ ಅಲ್ಲ.

ಹಾಗಾದರೆ ಯಾವ ಗಾಡಿಯನ್ನು ಬಿಡಬೇಕು? ಉಡುಪಿಯ ಕಡಲ ದಂಡೆಯಲ್ಲಿರುವ ನನ್ನ ಸಂಬಂಧಿಕರ ಕಾರು ಓಡಿದ್ದು 62,000 ಮಾತ್ರ. ಹನ್ನೊಂದು ವರ್ಷ ಉಪ್ಪುಗಾಳಿಯಲ್ಲಿ ನಿಂತಿತ್ತು. ನೋಡಲು ಹೊಳಪು. ಬಾಗಿಲ ಕೆಳಗಿನ ಅದೇ ಪಟ್ಟಿಯನ್ನು ಬಡಿದರೆ ಹಲಗೆ ಬಡಿದಂತೆ ಮಂಕು ಸದ್ದು; ಹೆಬ್ಬೆರಳಲ್ಲಿ ಒತ್ತಿದರೆ ತಗಡು ಹಪ್ಪಳದಂತೆ ಮುರಿದು ಒಳಗೆ ಹೋಯಿತು. ಅದನ್ನು ಕೊಟ್ಟುಬಿಡಿ ಎಂದು ನಾನೇ ಹೇಳಿದೆ. ಎಂಜಿನ್ ಕಟ್ಟಬಹುದು, ಗೇರ್‌ಬಾಕ್ಸ್ ಬದಲಿಸಬಹುದು. ತೂಕ ಹೊರುವ ಉಕ್ಕು ತುಕ್ಕು ತಿಂದ ಮೇಲೆ ಪ್ಯಾಚ್ ಹಾಕಿದರೆ ಕಣ್ಣಿಗೆ ಸಮಾಧಾನ, ಡಿಕ್ಕಿಯಾದಾಗ ಆಧಾರವಿಲ್ಲ. ನೆರೆನೀರಲ್ಲಿ ಮುಳುಗಿದ ಗಾಡಿ, ಬಿಡಿಭಾಗವೇ ಸಿಗದ ಗಾಡಿ ಕೂಡ ಹಾಗೇ.

ಸುರಕ್ಷತೆಯ ವಾದಕ್ಕೆ ಮಾತ್ರ ನಾನು ತಲೆಬಾಗುತ್ತೇನೆ. ನಮ್ಮಲ್ಲಿ ಎಬಿಎಸ್ ಮತ್ತು ಚಾಲಕನ ಏರ್‌ಬ್ಯಾಗ್ ಎಲ್ಲ ಹೊಸ ಕಾರಿಗೂ ಕಡ್ಡಾಯವಾದದ್ದು 2019ರಲ್ಲಿ. ಅದಕ್ಕೆ ಮುಂಚಿನ ಎಷ್ಟೋ ಕಾರುಗಳಲ್ಲಿ ಎರಡೂ ಇಲ್ಲ. ಅಂಥದ್ದರಲ್ಲಿ ಮಕ್ಕಳನ್ನು ಕೂರಿಸಿಕೊಂಡು ದಿನವೂ ಹೆದ್ದಾರಿಯಲ್ಲಿ ಓಡಾಡುವವರು ಮೀಟರ್ ಎಷ್ಟೇ ತೋರಿಸಲಿ, ಬದಲಿಸುವುದೇ ಸರಿ.

ಮಿಕ್ಕವರಲ್ಲಿ ನನ್ನದೊಂದೇ ವಿನಂತಿ. ಎಕ್ಸ್‌ಚೇಂಜ್ ಕಾಗದಕ್ಕೆ ಸಹಿ ಹಾಕುವ ಮುಂಚೆ, ಹೊಸ ಕಾರು ಮಾರದ ಒಬ್ಬ ಮೆಕ್ಯಾನಿಕ್ ಹತ್ತಿರ ಗಾಡಿಯನ್ನು ಮೇಲೆತ್ತಿಸಿ, ಕೆಳಗೆ ನೀವೇ ನಿಂತು ಆ ಪಟ್ಟಿಯನ್ನು ಬಡಿದು ನೋಡಿ.