ಬೋಳಾರವೂ ನಮ್ಮ ಕಾದಂಬರಿಯೂ

ನಮ್ಮ ಕಾದಂಬರಿಯು ನಾಡಿನ ಯಾವ ಮೂಲೆಗಳನ್ನು ಕಂಡಿದೆ ಎಂದು ಕೇಳುವಂತೆಯೇ, ಯಾವುದನ್ನು ಕಾಣದೆ ದಾಟಿಹೋಗಿದೆ ಎಂದೂ ವಿಮರ್ಶಕನು ಕೇಳಬೇಕಾಗುತ್ತದೆ. ದಕ್ಷಿಣ ಕನ್ನಡವು ಕನ್ನಡ ಕಾದಂಬರಿಗೆ ಕೊಟ್ಟದ್ದು ಅಲ್ಪವಲ್ಲ. ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' 1899ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಶಿವರಾಮ ಕಾರಂತರ 'ಚೋಮನ ದುಡಿ' 1933ರಲ್ಲಿ ಬಂದಿತು. ಆದರೆ ಮೊದಲನೆಯದು ವಿಧವೆಯ ವಿದ್ಯೆ, ವಿವಾಹಗಳ ವಾದವನ್ನು ಹಿಡಿದು ಮನೆಯೊಳಗೇ ನಿಂತಿತು. ಎರಡನೆಯದು ಹಳ್ಳಿಯ ಗದ್ದೆಗೆ ನಡೆಯಿತು. ಕಾರಂತರ ಇನ್ನೊಂದು ದೊಡ್ಡ ಕಾದಂಬರಿಯ ಹೆಸರೇ 'ಮರಳಿ ಮಣ್ಣಿಗೆ'. ಮನೆಗೂ ಗದ್ದೆಗೂ ನಡುವೆ ಇದ್ದ ಪಟ್ಟಣದ ಕೇರಿಯು ಬಹುಮಟ್ಟಿಗೆ ಹೊರಗೇ ಉಳಿಯಿತು. ಬೋಳಾರವು ಅಂಥದೊಂದು ಕೇರಿ.

ಮಂಗಳೂರಿಗೆ ಹೆಸರು ಕೊಟ್ಟಳೆಂದು ಜನ ನಂಬುವ ಮಂಗಳಾದೇವಿಯ ಗುಡಿ ಇರುವುದು ಇಲ್ಲಿ. ಸಮೀಪದಲ್ಲೇ 1568ರಲ್ಲಿ ಸ್ಥಾಪನೆಯಾದ ರೊಸಾರಿಯೊ ಇಗರ್ಜಿ, ಕೇರಿಯೊಳಗೆ ಬ್ಯಾರಿಗಳ ಮನೆಗಳು, ಬದಿಗೆ ನೇತ್ರಾವತಿ. ನೆರೆಯ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್‌ಸ್ಟ್ 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ನದಿಯ ದಂಡೆಯುದ್ದಕ್ಕೂ ಚಿಮಣಿಗಳೆದ್ದುವು. ದೋಣಿಯಲ್ಲಿ ಬಂದ ಜೇಡಿಮಣ್ಣು ಹೆಂಚಾಗಿ ಹಡಗೇರಿ ಪರದೇಶಗಳಿಗೂ ಹೋಯಿತು. ಮಣ್ಣಿಗೆ ಮರಳಿದವರ ಕಥೆಯನ್ನು ನಾವು ಮೆಚ್ಚಿ ಓದಿದೆವು. ಮಣ್ಣನ್ನು ತುಳಿದು, ಅಚ್ಚೊತ್ತಿ, ಸುಟ್ಟು ಕುಚ್ಚಲಕ್ಕಿಯ ಗಂಜಿ ಕಂಡವರ ಕಥೆಯೂ ಅಷ್ಟೇ ದೊಡ್ಡದಲ್ಲವೆ?

ಹೀಗಾಗಲು ಕಾರಣ ಭಾಷೆಯೆಂದು ಕೆಲವರು ಹೇಳುವರು. ಆ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಕಾರಂತರ ಕೋಟದಲ್ಲಿ, ವೈದೇಹಿಯವರ ಕುಂದಾಪುರದಲ್ಲಿ ಮನೆಮಾತೇ ಕನ್ನಡ. ಅಡುಗೆಮನೆಯ ಮಾತು ಪುಸ್ತಕಕ್ಕೆ ಬರಲು ಒಂದು ಹೊಸ್ತಿಲು ದಾಟಿದರೆ ಸಾಕು. ಬೋಳಾರದಲ್ಲಿ ಜಗಳ, ವ್ಯಾಪಾರ, ತಮಾಷೆಗಳು ನಡೆಯುವುದು ತುಳುವಿನಲ್ಲಿ, ಕೊಂಕಣಿಯಲ್ಲಿ, ಬ್ಯಾರಿಯಲ್ಲಿ. ಕನ್ನಡವು ಶಾಲೆಯದು, ಪತ್ರಿಕೆಯದು. ಬೂತಾಯಿಯ ಬುಟ್ಟಿಯ ಮುಂದೆ ನಡೆದ ಚೌಕಾಶಿಯನ್ನು ಶಾಲೆಯ ಕನ್ನಡದಲ್ಲಿ ಬರೆದರೆ ಮೀನೂ ಸಪ್ಪೆ, ಮಾತೂ ಸಪ್ಪೆ.

ಆದುದರಿಂದಲೇ ಈ ಕೇರಿ ಪುಟಕ್ಕಿಂತ ಮೊದಲು ರಂಗವನ್ನು ಹತ್ತಿತು. ಮಾರ್ನೆಮಿಯ ದಿನಗಳಲ್ಲಿ ಬೀದಿಯೇ ರಂಗ: ತಾಸೆಯ ಪೆಟ್ಟಿಗೆ ಹುಲಿವೇಷಗಳು ಕುಣಿಯುತ್ತವೆ, ದೇವಿಯ ರಥ ಮಾರ್ನಮಿಕಟ್ಟೆಯವರೆಗೆ ಸಾಗುತ್ತದೆ. ತೆಂಕುತಿಟ್ಟಿನ ಯಕ್ಷಗಾನದಲ್ಲಿ ಬೋಳಾರ ನಾರಾಯಣ ಶೆಟ್ಟರು, ತುಳು ನಾಟಕ ಮತ್ತು ಚಲನಚಿತ್ರಗಳಲ್ಲಿ ಅರವಿಂದ ಬೋಳಾರರು ಕೇರಿಯ ಹೆಸರನ್ನು ತಮ್ಮ ಹೆಸರಿನೊಡನೆ ಒಯ್ದರು. ಥಟ್ಟನೆ ಮರುಮಾತು ಕೊಡುವ ಆ ಚುರುಕು ಇಂಥ ಕೇರಿಗಳ ಗುಣ. ಅದನ್ನು ನೋಡಿ ನಕ್ಕ ನಾವು, ಅದರ ಹಿಂದಿನ ದುಡಿಮೆಯನ್ನು ವಿಚಾರಿಸಲಿಲ್ಲ. ರಂಗವು ನಗೆಯನ್ನು ಹಿಡಿಯಬಲ್ಲುದು. ಪಾಳಿ ಮುಗಿಸಿ ಬಂದವನ ಮೌನವನ್ನು, ಬೀಡಿ ಸುತ್ತುತ್ತ ಸಂಜೆ ಕಳೆಯುವವಳ ಲೆಕ್ಕಾಚಾರವನ್ನು ಹಿಡಿಯಲು ಗದ್ಯವೇ ಬೇಕು.

ಭಾಷೆಯ ತೊಡಕನ್ನು ದಾಟಲಾಗದೆಂದು ಮಾತ್ರ ಹೇಳಬಾರದು. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಅದಕ್ಕೆ ಉತ್ತರ. ಕಾಸರಗೋಡಿನ ಮುಸ್ಲಿಂ ಮನೆಗಳ ಮಾತು ಕನ್ನಡವಲ್ಲ. ಆದರೂ ಆ ಮನೆಗಳ ಹೆಣ್ಣುಮಕ್ಕಳ ಸಂಕಟ ಕನ್ನಡದಲ್ಲಿ ಎಲ್ಲಿಯೂ ಎರವಲೆನಿಸುವುದಿಲ್ಲ. ಲೇಖಕಿಗೆ ಆ ಬದುಕಿನ ಒಳಗು ಗೊತ್ತಿತ್ತು. ಮಾತು ತಾನಾಗಿ ದಾರಿ ಕಂಡುಕೊಂಡಿತು. ಹಾಗಾದರೆ ಕೊರತೆ ಭಾಷೆಯದಲ್ಲ, ನೋಟದ್ದು. ಪಟ್ಟಣವೆಂದರೆ ಕೆಡುಕು, ಹಳ್ಳಿಯೆಂದರೆ ಬೇರು ಎಂಬ ಹಳೆಯ ನಂಬಿಕೆ ನಮ್ಮ ಕಾದಂಬರಿಕಾರರ ಕಣ್ಣನ್ನು ಬಹುಕಾಲ ಕಟ್ಟಿತ್ತು. ಬೋಳಾರದಂಥ ಕೇರಿಯಲ್ಲಿ ಕೆಡುಕೂ ಇದೆ, ಬೇರೂ ಇದೆ.

ಇದನ್ನು ಬರೆಯಹೊರಡುವವರು ಗುಡಿ, ಮಸೀದಿ, ಇಗರ್ಜಿಗಳ ಸೌಹಾರ್ದದ ಚಿತ್ರವೊಂದನ್ನು ತೂಗುಹಾಕಿ ತೃಪ್ತರಾಗದಿರಲಿ. ನೆರೆಯವರು ಹೇಗೆ ಹೊಂದಿಕೊಂಡರು, ಎಲ್ಲಿ ಮುನಿದರು, ಕೂಲಿ ಹೆಚ್ಚಿಸಲು ಯಾರು ಯಾರ ಜೊತೆ ನಿಂತರು ಎಂಬುದನ್ನು ಹೇಳಲಿ. ಬಹಳಷ್ಟು ಹೆಂಚಿನ ಕಾರ್ಖಾನೆಗಳು ಈಗಾಗಲೇ ಮುಚ್ಚಿವೆ. ಹೆಂಚಿನ ಮಾಡಿದ್ದಲ್ಲಿ ಕಾಂಕ್ರೀಟು ಬರುತ್ತಿದೆ. ಆ ಕೆಲಸದ ತುಳು ಶಬ್ದಗಳು ಅಲ್ಲಿ ದುಡಿದ ವೃದ್ಧರ ಬಾಯಲ್ಲಿ ಮಾತ್ರ ಉಳಿದಿವೆ. ಕೇಳುವವರು ಈಗಲೇ ಹೋಗಿ ಕೇಳಬೇಕು.