ಗಂಟಲಲ್ಲೇ ನಿಂತ ಮಾತನ್ನೂ ಓದಿ

ವರ್ಣಭೇದದ ಬಗ್ಗೆ ಅಮೆರಿಕದಲ್ಲಿ ಹದಿಹರೆಯದವರಿಗಾಗಿ ಬರೆದ ಕಾದಂಬರಿಗಳನ್ನು ಓದಬೇಕೆನ್ನುವವರಿಗೆ ನಾನು ಮೊದಲು ಕೊಡುವುದು ಮಿಲ್ಡ್ರೆಡ್ ಟೇಲರ್ 1976ರಲ್ಲಿ ಬರೆದ ‘ರೋಲ್ ಆಫ್ ಥಂಡರ್, ಹಿಯರ್ ಮೈ ಕ್ರೈ’. 1933ರ ಮಿಸಿಸಿಪ್ಪಿ. ಕಥೆ ಹೇಳುವ ಹುಡುಗಿ ಕ್ಯಾಸಿಯ ಪುಟ್ಟ ತಮ್ಮನಿಗೆ ಶಾಲೆಯ ಮೊದಲ ದಿನ. ಕೈಗೆ ಬಂದದ್ದು ಹರಿದ, ಕೊಳಕಾದ ಪುಸ್ತಕ. ರಟ್ಟಿನ ಒಳಬದಿಯಲ್ಲಿ ಒಂದು ಪಟ್ಟಿ: ಯಾವ ವರ್ಷ, ಯಾವ ಬಣ್ಣದ ಮಗುವಿಗೆ, ಪುಸ್ತಕ ಯಾವ ಸ್ಥಿತಿಯಲ್ಲಿದ್ದಾಗ ಕೊಟ್ಟದ್ದು. ಬಿಳಿಯ ಮಕ್ಕಳ ಕೈಯಲ್ಲಿ ಸವೆದು ಸವೆದು ತೀರಾ ಹಾಳಾದ ಮೇಲೆ ಕಪ್ಪು ಮಕ್ಕಳ ಸರದಿ. ಹುಡುಗ ಪುಸ್ತಕವನ್ನು ನೆಲಕ್ಕೆಸೆದು ತುಳಿಯುತ್ತಾನೆ. ಅವನ ಪರ ಮಾತಾಡಿದ ಅಕ್ಕನಿಗೂ ಏಟು ಬೀಳುತ್ತದೆ. ಅದೇ ಶಾಲೆಯಲ್ಲಿ ಟೀಚರ್ ಆಗಿರುವ ಅಮ್ಮ ಕಾಗದ ಕತ್ತರಿಸಿ, ಅಂಟು ಹಚ್ಚಿ, ಆ ಪಟ್ಟಿಯನ್ನು ಮುಚ್ಚುತ್ತಾಳೆ.

ಪುಟ ತಿರುಗಿಸುವ ಮುನ್ನ ಆ ಅಂಟಿನ ಕೈಗಳನ್ನು ಒಂದು ಗಳಿಗೆ ನೋಡಿ. ಈ ಕಾದಂಬರಿಗಳಲ್ಲಿ ಪ್ರತಿಭಟನೆ ಹೆಚ್ಚಾಗಿ ಇಷ್ಟು ಸಣ್ಣದಾಗಿಯೇ ಶುರುವಾಗುತ್ತದೆ. ಭಾಷಣ ಹುಡುಕುತ್ತ ಹೋದವರಿಗೆ ಅದು ಕಾಣುವುದೇ ಇಲ್ಲ.

ಆ್ಯಂಜಿ ಥಾಮಸ್ ಅವರ ‘ದ ಹೇಟ್ ಯು ಗಿವ್’ (2017) ಓದುವಾಗ ಹಲವರು ತಾಳ್ಮೆ ಕಳೆದುಕೊಳ್ಳುತ್ತಾರೆ. ಹದಿನಾರರ ಸ್ಟಾರ್ ಕಣ್ಣೆದುರೇ ಪೊಲೀಸನೊಬ್ಬ ಅವಳ ಗೆಳೆಯ ಖಲೀಲನನ್ನು ಗುಂಡಿಕ್ಕಿ ಕೊಲ್ಲುತ್ತಾನೆ. ಕಾರಿನಲ್ಲಿದ್ದದ್ದು ಬಂದೂಕಲ್ಲ, ಹೇರ್‌ಬ್ರಷ್. ಆದರೂ ಬಹುಪಾಲು ಬಿಳಿಯರೇ ಇರುವ ತನ್ನ ಶಾಲೆಯಲ್ಲಿ ಖಲೀಲ್ ತನಗೆ ಗೊತ್ತೆಂದೂ ಅವಳು ಹೇಳುವುದಿಲ್ಲ. ಯಾಕೆ ಬಾಯಿ ಬಿಡುವುದಿಲ್ಲ ಇವಳು? ಹನ್ನೆರಡನೇ ವಯಸ್ಸಿಗೇ ಅಪ್ಪ ಅಮ್ಮ ಕೂರಿಸಿಕೊಂಡು ಹೇಳಿಕೊಟ್ಟಿದ್ದಾರೆ: ಪೊಲೀಸರು ತಡೆದರೆ ಕೈ ಕಾಣುವಂತಿರಲಿ, ದಿಢೀರನೆ ಅಲುಗಾಡಬೇಡ, ಕೇಳಿದರಷ್ಟೇ ಮಾತಾಡು. ಬದುಕಿ ಉಳಿಯಲು ಮೌನ ಕಲಿತ ಹುಡುಗಿ ಈಗ ಸಾಕ್ಷಿ ನುಡಿಯಬೇಕು. ಜೊತೆಗೆ ಅವಳಿಗೆ ಕೇರಿಗೊಂದು ನಾಲಿಗೆ, ಶಾಲೆಗೊಂದು ನಾಲಿಗೆ. ಮನೆಯ ಕನ್ನಡವನ್ನು ಕ್ಲಾಸಿನಲ್ಲಿ ನುಂಗಿಕೊಂಡವರಿಗೆ ಈ ಸಂಕಟ ಬೇಗ ತಟ್ಟುತ್ತದೆ. ಅವಳು ಸಾಕ್ಷಿ ಹೇಳಿದ ಮೇಲೂ ಆ ಪೊಲೀಸನ ಮೇಲೆ ಮೊಕದ್ದಮೆ ಹೂಡಲು ಗ್ರ್ಯಾಂಡ್ ಜ್ಯೂರಿ ಒಪ್ಪುವುದಿಲ್ಲ. ತೀರ್ಪಿನಿಂದ ಕಾದಂಬರಿಯನ್ನು ಅಳೆಯಬೇಡಿ. ಮೊದಲ ಪುಟದ ದನಿಯನ್ನೂ ಕೊನೆಯ ಪುಟದ ದನಿಯನ್ನೂ ಜೋರಾಗಿ ಓದಿ ಕೇಳಿಸಿಕೊಳ್ಳಿ.

ತೀರ್ಪು ಪರವಾಗಿ ಬಂದರೂ ಏನು ಉಳಿಯುತ್ತದೆಂದು ತಿಳಿಯಲು ವಾಲ್ಟರ್ ಡೀನ್ ಮೈಯರ್ಸ್ ಅವರ ‘ಮಾನ್‌ಸ್ಟರ್’ (1999) ಓದಿ. ಕೊಲೆ ಆರೋಪ ಹೊತ್ತ ಹದಿನಾರರ ಸ್ಟೀವ್ ತನ್ನ ವಿಚಾರಣೆಯನ್ನು ಚಿತ್ರಕಥೆಯಾಗಿ ಬರೆಯುತ್ತಾನೆ. ಬಿಡುಗಡೆಯಾದ ಕ್ಷಣ, ಅಪ್ಪಿಕೊಳ್ಳಲು ತೋಳು ಚಾಚಿದರೆ ಅವನ ವಕೀಲೆಯೇ ಮುಖ ತಿರುಗಿಸುತ್ತಾಳೆ. ತಿಂಗಳುಗಳು ಕಳೆದರೂ ಅವನು ಕ್ಯಾಮೆರಾ ಹಿಡಿದು ತನ್ನನ್ನೇ ಚಿತ್ರಿಸಿಕೊಳ್ಳುತ್ತಿದ್ದಾನೆ, ಅವಳಿಗೆ ತನ್ನಲ್ಲಿ ಕಂಡದ್ದೇನೆಂದು ಹುಡುಕುತ್ತ.