ಅಳಬಾರದ ಗಂಡಸು

ನೈಜೀರಿಯದ ಚಿನುವಾ ಅಚೆಬೆಯವರು 1958ರಲ್ಲಿ ಪ್ರಕಟಿಸಿದ ‘ಥಿಂಗ್ಸ್ ಫಾಲ್ ಅಪಾರ್ಟ್’ ಕಾದಂಬರಿಯನ್ನು ಬಿಳಿಯರ ಆಗಮನದಿಂದ ಒಡೆದುಹೋದ ಇಗ್ಬೊ ಸಮಾಜದ ಕಥೆಯೆಂದು ಓದುವುದು ವಾಡಿಕೆ. ಗಂಡಸುತನದ ಕುರಿತಾದ ಭಯವೊಂದು ಒಂದು ಮನೆಯನ್ನು ಒಡೆದ ಕಥೆಯೂ ಅದರಲ್ಲಿದೆ.

ಕಥಾನಾಯಕ ಒಕೊಂಕ್ವೊನ ತಂದೆ ಉನೋಕ ಕೊಳಲೂದುವವನು, ಸಾಲಗಾರ, ಯಾವ ಬಿರುದನ್ನೂ ಪಡೆಯದವನು. ಅಂಥವನಿಗೆ ಇಗ್ಬೊ ಭಾಷೆಯಲ್ಲಿ ‘ಅಗ್ಬಾಲ’ ಎನ್ನುತ್ತಾರೆ. ಹೆಣ್ಣಿಗೂ ಅದೇ ಪದ. ತಂದೆಯಂತಾಗುವ ಭಯ ಮಗನನ್ನು ಜೀವನವಿಡೀ ಆಳಿತು. ತನ್ನನ್ನು ತಂದೆಯೆಂದೇ ಕರೆಯುತ್ತಿದ್ದ ಬಾಲಕ ಇಕೆಮೆಫುನನನ್ನು, ತಾನು ದುರ್ಬಲನೆನಿಸಬಾರದೆಂದು, ಅವನು ಕೈಯಾರೆ ಕಡಿದನು.

ಇದನ್ನೇ ಇಗ್ಬೊ ಪೌರುಷವೆಂದರೆ ಅನ್ಯಾಯವಾದೀತು. ಬಾಲಕನ ಸಾವನ್ನು ದೈವವಾಣಿಯೇ ವಿಧಿಸಿತ್ತು, ನಿಜ. ಆದರೆ ಆ ಕೊಲೆಯಲ್ಲಿ ಕೈಯಿಡಬೇಡವೆಂದು ಹಿರಿಯ ಎಜೆಯೂಡು ಎಚ್ಚರಿಸಿದ್ದನು. ಗೆಳೆಯ ಒಬಿಯೆರಿಕ ಮನೆಯಲ್ಲೇ ಉಳಿದನು. ಯುದ್ಧದಲ್ಲಿ ಊರನ್ನು ಮುನ್ನಡೆಸಿದ ಎನ್‌ಡುಲುವೆ, ಪತ್ನಿಗೆ ತಿಳಿಸದೆ ಏನನ್ನೂ ಮಾಡುತ್ತಿರಲಿಲ್ಲ. ಶಾಂತಿಯ ವಾರದಲ್ಲಿ ಹೆಂಡತಿಯನ್ನು ಹೊಡೆದ ಒಕೊಂಕ್ವೊನಿಗೆ ಭೂದೇವಿಯ ಪೂಜಾರಿ ದಂಡ ವಿಧಿಸಿದನು. ಸೋದರಮಾವ ಉಚೆಂಡುವಂತೂ, ತಾಯಿಯೇ ಶ್ರೇಷ್ಠಳೆಂಬ ಅರ್ಥದ ‘ನ್ನೆಕಾ’ ಎಂಬ ಹೆಸರನ್ನು ಅವನಿಗೆ ನೆನಪಿಸಿದನು. ಅಚೆಬೆಯವರ ಹಿರಿಮೆ ಇಲ್ಲಿದೆ: ಒಕೊಂಕ್ವೊನ ಮೇಲಿನ ತೀರ್ಪು ಮಿಷನರಿಯ ಬಾಯಿಂದಲ್ಲ, ಅವನದೇ ಜನರ ಬಾಳಿನಿಂದ ಬರುತ್ತದೆ.

ಪಾಶ್ಚಾತ್ಯರ ಆದರ್ಶವಾದರೂ ಮೃದುವಾಗಿತ್ತೇ? 1857ರಲ್ಲಿ ಥಾಮಸ್ ಹ್ಯೂಸ್ ಬರೆದ ‘ಟಾಮ್ ಬ್ರೌನ್ಸ್ ಸ್ಕೂಲ್ ಡೇಸ್’ ಕೃತಿಯ ಕಾಲದಲ್ಲಿ ಇಂಗ್ಲೆಂಡಿನಲ್ಲಿ ‘ಮಸ್ಕ್ಯುಲರ್ ಕ್ರಿಶ್ಚಿಯಾನಿಟಿ’ ಎಂಬ ಆದರ್ಶ ಬೆಳೆಯಿತು. ಆಟದ ಮೈದಾನ, ದೇಹಬಲ, ಆತ್ಮಸಂಯಮಗಳಿಂದ ದುರ್ಬಲರ ರಕ್ಷಕನನ್ನು ರೂಪಿಸುವುದು ಅದರ ಆಶಯ. ಆಳುವವರನ್ನು ರೂಪಿಸಲೂ ಅದು ನೆರವಾಯಿತು. ಕಾದಂಬರಿಯ ಕೊನೆಯಲ್ಲಿ ಜಿಲ್ಲಾಧಿಕಾರಿಗೆ ಒಕೊಂಕ್ವೊನ ಸಾವು ತನ್ನ ಪುಸ್ತಕದ ಒಂದು ಪರಿಚ್ಛೇದ ಮಾತ್ರ. ಒಬ್ಬನು ಕೋಪದಿಂದ ಹೃದಯವನ್ನು ಮುಚ್ಚಿದನು, ಇನ್ನೊಬ್ಬನು ಸಂಯಮದಿಂದ.

ಒಕೊಂಕ್ವೊನ ಮಗ ನ್ವೋಯೆ ಸಭೆಗೆ ಬಂದದ್ದು ವಾದಕ್ಕೆ ಸೋತಲ್ಲ. ಕಾಡಿನಲ್ಲಿ ಬಿಸಾಡಿದ ಅವಳಿ ಶಿಶುಗಳ ಅಳು, ಇಕೆಮೆಫುನನ ಸಾವು ಅವನನ್ನು ಕಾಡುತ್ತಿದ್ದವು. ಒಂದು ಸ್ತುತಿಗೀತೆ ಆ ಗಾಯವನ್ನು ಮುಟ್ಟಿತು. ಅವನಿಗೆ ದೊರೆತ ಹೊಸ ಹೆಸರು ಇಸಾಕ, ತಂದೆಯ ಕತ್ತಿಯಿಂದ ದೇವರು ಉಳಿಸಿದ ಮಗನ ಹೆಸರು!

ವಾಚಕರೇ, ಗಂಡುಮಕ್ಕಳು ಅಳಬಾರದೆಂದು ನಮ್ಮ ಮನೆಗಳಲ್ಲಿಯೂ ಹೇಳುತ್ತೇವೆ. ನಾವು ಆರಾಧಿಸುವ ಪ್ರಭುವಾದರೋ ಲಾಜರನ ಸಮಾಧಿಯ ಬಳಿ ಎಲ್ಲರ ಮುಂದೆ ಅತ್ತನು; ಸೊಂಟಕ್ಕೆ ವಸ್ತ್ರ ಕಟ್ಟಿಕೊಂಡು ಶಿಷ್ಯರ ಪಾದಗಳನ್ನು ತೊಳೆದನು. ನಮ್ಮ ಪುತ್ರರಿಗೆ ನಾವು ಯಾವ ಗಂಡಸನ್ನು ತೋರಿಸುತ್ತಿದ್ದೇವೆ?